ಗಿಡ್ಡ ಮರಗಳ ಕೆಳಗೆ ಇಷ್ಟೊಂದು ಇಂಗಾಲ ಎಲ್ಲಿಂದ ಬಂತು?

ಪ್ರಶ್ನೆ: ಬೆಟ್ಟ ಏರಿದಷ್ಟೂ ಮರಗಳು ಗಿಡ್ಡವಾಗುತ್ತವೆ, ನಿಧಾನವಾಗಿ ಬೆಳೆಯುತ್ತವೆ. ಆದರೂ ಎತ್ತರದ ಕಾಡುಗಳ ಮಣ್ಣಿನಲ್ಲಿ ತಪ್ಪಲಿನ ಕಾಡಿಗಿಂತ ಹೆಚ್ಚು ಇಂಗಾಲ ಇರುತ್ತದೆ ಎಂದು ಓದಿದೆ. ಇದು ಹೇಗೆ? ಹಾಗಿದ್ದರೆ ಮರಗಳಿಲ್ಲದ ಮೇಲಿನ ಇಳಿಜಾರುಗಳಲ್ಲೂ ಸಸಿ ನೆಟ್ಟು ಇನ್ನಷ್ಟು ಇಂಗಾಲ ಸೇರಿಸಬಹುದಲ್ಲವೇ? ಇನ್ನೊಂದು ವಿಷಯ: ಕಾಡಿನ ಒಂದು ಇಳಿಜಾರಿನ ಮಣ್ಣನ್ನು ಪರೀಕ್ಷೆಗೆ ಕೊಟ್ಟಾಗ ‘ಸಾವಯವ ಇಂಗಾಲ ಶೇ 4’ ಎಂಬ ವರದಿ ಬಂತು. ಅದರಿಂದ ಹೆಕ್ಟೇರಿಗೆ ಎಷ್ಟು ಟನ್ ಇಂಗಾಲ ಇದೆ ಎಂದು ಹೇಳಬಹುದೇ?

ಉತ್ತರ: ನೀವು ಓದಿದ್ದು ಬಹುಮಟ್ಟಿಗೆ ಸರಿ. ಗೊಂದಲ ಹುಟ್ಟುವುದು ಎಲ್ಲಿ ಎಂದರೆ, ಮಣ್ಣಿನಲ್ಲಿ ಎಷ್ಟು ಇಂಗಾಲ ಇದೆ ಎಂಬುದನ್ನು ಮರಗಳು ಎಷ್ಟು ಕೊಡುತ್ತವೆ ಎಂಬುದೇ ತೀರ್ಮಾನಿಸುತ್ತದೆ ಎಂದು ನಾವು ಅಂದುಕೊಳ್ಳುವಲ್ಲಿ. ಅದು ಅರ್ಧ ಲೆಕ್ಕ ಮಾತ್ರ. ಬಂದ ಇಂಗಾಲ ಎಷ್ಟು ಕಾಲ ಅಲ್ಲೇ ಉಳಿಯುತ್ತದೆ ಎಂಬುದು ಇನ್ನರ್ಧ. ಕಾಡು ಬಹುಕಾಲ ಕದಡದೆ ಇದ್ದು ಒಳಬರುವುದೂ ಹೊರಹೋಗುವುದೂ ಸಮವಾಗಿದ್ದರೆ, ವರ್ಷಕ್ಕೆ ಬರುವ ಇಂಗಾಲವನ್ನು ಅದು ಸರಾಸರಿ ಉಳಿಯುವ ವರ್ಷಗಳಿಂದ ಗುಣಿಸಿದರೆ ಒಟ್ಟು ಸಂಗ್ರಹ ಸಿಗುತ್ತದೆ. ತಪ್ಪಲಿನ ಕಾಡಿನಲ್ಲಿ ಎಲೆ, ಕಡ್ಡಿ, ಬೇರುಗಳ ಮೂಲಕ ಹೆಕ್ಟೇರಿಗೆ ವರ್ಷಕ್ಕೆ 6 ಟನ್ ಇಂಗಾಲ ಮಣ್ಣಿಗೆ ಸೇರಿ, ಸರಾಸರಿ 15 ವರ್ಷ ಉಳಿಯುತ್ತದೆ ಎನ್ನಿ. ಸಂಗ್ರಹ 90 ಟನ್. ಮೇಲಿನ ಗಿಡ್ಡ ಕಾಡು ಕೊಡುವುದು 3 ಟನ್ ಮಾತ್ರ, ಆದರೆ ಅದು 50 ವರ್ಷ ಉಳಿಯುತ್ತದೆ ಎನ್ನಿ. ಸಂಗ್ರಹ 150 ಟನ್. ಇವು ಲೆಕ್ಕ ತಿಳಿಯಲೆಂದು ನಾನು ಹಾಕಿಕೊಂಡ ಅಂಕಿಗಳು, ಯಾವುದೋ ಒಂದು ಕಾಡಿನ ಅಳತೆಯಲ್ಲ. ಆದರೆ ಬೆಟ್ಟದ ಕಾಡಿನ ಗುಟ್ಟು ಇಷ್ಟೇ: ಅಲ್ಲಿ ಬರುವುದು ಕಡಿಮೆ, ಆದರೆ ಬಂದದ್ದು ಹೋಗುವುದು ಬಹಳ ನಿಧಾನ.

ಹೋಗುವುದು ಏಕೆ ನಿಧಾನ? ಮೊದಲ ಕಾರಣ ಚಳಿ. ಸಮುದ್ರಮಟ್ಟದಿಂದ 1000 ಮೀಟರ್ ಮೇಲೇರಿದರೆ ಗಾಳಿಯ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಉಷ್ಣಾಂಶ 10 ಡಿಗ್ರಿ ಇಳಿದರೆ ತಮ್ಮ ಕೆಲಸದ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಈಗಾಗಲೇ ತಣ್ಣಗಿರುವ ಮಣ್ಣಿನಲ್ಲಿ ಈ ಇಳಿತ ಇನ್ನೂ ಕಡಿದಾಗಿರುತ್ತದೆ. ಅಂದರೆ 1500 ಮೀಟರ್ ಎತ್ತರದ ವ್ಯತ್ಯಾಸವೊಂದೇ ಕೊಳೆಯುವಿಕೆಯನ್ನು ಅರ್ಧಕ್ಕೆ ತರಲು ಸಾಕು. ಚಳಿಗೆ ಮರದ ಬೆಳವಣಿಗೆಯೂ ಕುಗ್ಗುತ್ತದೆ ನಿಜ, ಆದರೆ ಸಾಮಾನ್ಯವಾಗಿ ಕೊಳೆಯುವಿಕೆ ಕುಗ್ಗಿದಷ್ಟಲ್ಲ.

ಎರಡನೆಯದು ನೀರು. ವರ್ಷದ ಬಹುಭಾಗ ಮೋಡ ಮುಸುಕಿರುವ ಎತ್ತರದಲ್ಲಿ ಮಣ್ಣು ನೆನೆದೇ ಇರುತ್ತದೆ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿದರೆ ಆಮ್ಲಜನಕ ಒಳಗಿಳಿಯುವುದಿಲ್ಲ. ಆಮ್ಲಜನಕವಿಲ್ಲದೆ ಕೊಳೆಸುವ ಜೀವಿಗಳು ಕುಂಟುತ್ತವೆ. ಮೂರನೆಯದು ಎಲೆಯ ಗುಣ. ನಿಧಾನವಾಗಿ ಬೆಳೆಯುವ ಮರ ತನ್ನ ಎಲೆಯನ್ನು ದಪ್ಪಗೆ, ಗಡುಸಾಗಿ ಕಟ್ಟಿಕೊಳ್ಳುತ್ತದೆ, ಬಹುಕಾಲ ಬಳಸುತ್ತದೆ. ಅದರಲ್ಲಿ ಲಿಗ್ನಿನ್ (ಸಸ್ಯಕ್ಕೆ ಗಡಸುತನ ಕೊಡುವ ಪದಾರ್ಥ) ಹೆಚ್ಚು, ಸಾರಜನಕ ಕಡಿಮೆ. ಸೂಜಿಯೆಲೆ ಮರಗಳಾದರೆ ನೆಲವನ್ನು ಹುಳಿಯಾಗಿಸುವುದೂ ಸೇರಿಕೊಂಡು, ಎರೆಹುಳುಗಳು ಆ ಕಡೆ ಹೆಚ್ಚು ಸುಳಿಯುವುದಿಲ್ಲ. ಎಲೆಯನ್ನು ಮಣ್ಣಿನೊಳಕ್ಕೆ ಎಳೆದು ಕಲಸುವವರಿಲ್ಲದ ಮೇಲೆ ಅದು ನೆಲದ ಮೇಲೆಯೇ ಪದರ ಪದರವಾಗಿ ಕೂರುತ್ತದೆ.

ಇದನ್ನು ಪೆರುವಿನ ಆಂಡೀಸ್ ಪರ್ವತದ ಇಳಿಜಾರಿನಲ್ಲಿ ಚೆನ್ನಾಗಿ ಅಳೆದಿದ್ದಾರೆ. ಅಮೆಜಾನ್ ಬಯಲಿನಿಂದ ಕೊಸ್ನಿಪಾಟ ಕಣಿವೆಯ ಮೂಲಕ 3000 ಮೀಟರ್‌ಗೂ ಮೇಲಿನ ಮೋಡಗಾಡಿನವರೆಗೆ ಸಾಲಾಗಿ ಅಧ್ಯಯನ ತಾಣಗಳಿವೆ. ಮೇಲೇರಿದಂತೆ ಮರಗಳಲ್ಲಿರುವ ಇಂಗಾಲ ಇಳಿಯುತ್ತದೆ, ಮಣ್ಣಿನಲ್ಲಿರುವುದು ಏರುತ್ತದೆ. ಅಲ್ಲಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೇಲಿನ ಮಣ್ಣನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಸಾಗಿಸಿ ಹೂತು, 5 ವರ್ಷ ಬಿಟ್ಟು ನೋಡಿದರು. ಮಣ್ಣು ಕಂಡ ಪ್ರತಿ 1 ಡಿಗ್ರಿ ಏರಿಕೆಗೆ ಅದರ ಇಂಗಾಲ ಸುಮಾರು ಶೇ 4ರಷ್ಟು ಇಳಿದಿತ್ತು. ಎತ್ತರದ ಮಣ್ಣಿನಲ್ಲಿ ಇಂಗಾಲವನ್ನು ಹಿಡಿದಿಟ್ಟಿರುವುದು ಬಹುಪಾಲು ಚಳಿಯೇ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ.

ಹಾಗೆಂದು ‘ಎತ್ತರ ಹೆಚ್ಚಿದಷ್ಟೂ ಇಂಗಾಲ ಹೆಚ್ಚು’ ಎಂಬುದನ್ನು ನಿಯಮವೆಂದು ಬರೆದಿಟ್ಟುಕೊಳ್ಳಬೇಡಿ. ಒಣ ಪ್ರದೇಶದ ಪರ್ವತಗಳಲ್ಲಿ ತಪ್ಪಲಿಗೆ ಮಳೆಯೇ ಸಾಲದು. ಅಲ್ಲಿ ಇಂಗಾಲದ ಸಂಗ್ರಹ ಮೇಲೇರುವುದಕ್ಕೆ ಚಳಿಯ ಜೊತೆಗೆ ಹೆಚ್ಚಿದ ಮಳೆಯೂ ಕಾರಣ, ಮತ್ತು ತೀರ ಮೇಲೆ ಬೆಳೆಯುವುದೇ ಇಲ್ಲವಾದಾಗ ಅದು ಮತ್ತೆ ಇಳಿಯುತ್ತದೆ. 1941ರಲ್ಲಿ ಹ್ಯಾನ್ಸ್ ಜೆನ್ನಿ ಎಂಬ ಮಣ್ಣುವಿಜ್ಞಾನಿ ಮಣ್ಣನ್ನು ರೂಪಿಸುವ ಅಂಶಗಳು ಐದು ಎಂದು ಹೇಳಿದ್ದರು: ಹವಾಮಾನ, ಜೀವಿಗಳು, ನೆಲದ ಏರುತಗ್ಗು, ಮೂಲ ಬಂಡೆ, ಕಾಲ. ಬೆಟ್ಟದಲ್ಲಿ ಈ ಐದೂ ನೂರು ಮೀಟರ್ ಅಂತರದೊಳಗೇ ಬದಲಾಗಬಲ್ಲವು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರು ತಂಪಾಗಿ, ತೇವವಾಗಿ ಇರುತ್ತದೆ. ಅದೇ ಎತ್ತರದ ದಕ್ಷಿಣದ ಮಗ್ಗುಲು ಒಣಗಿರುತ್ತದೆ. ಏಣಿನ ಮೇಲೆ ಮಣ್ಣು ತೆಳುವಾಗಿದ್ದರೆ, ಅಲ್ಲಿಂದ ಜಾರಿದ್ದೆಲ್ಲ ಬುಡದಲ್ಲಿ ಬಂದು ಕೂತಿರುತ್ತದೆ. ಬಂಡೆಯ ಪ್ರಭಾವವಂತೂ ಎಷ್ಟೋ ಕಡೆ ಎತ್ತರದ ಪ್ರಭಾವವನ್ನೇ ಮೀರುತ್ತದೆ. ಜ್ವಾಲಾಮುಖಿಯ ಬೂದಿಯಿಂದ ಹುಟ್ಟಿದ ಮಣ್ಣಿನಲ್ಲಿ ಅಲೋಫೇನ್ ಎಂಬ ಅತಿಸೂಕ್ಷ್ಮ ಖನಿಜವೂ ಅಲ್ಯೂಮಿನಿಯಂ, ಕಬ್ಬಿಣದ ಸಂಯುಕ್ತಗಳೂ ಹೇರಳ. ಅವು ಸಾವಯವ ಅಣುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತವೆ. ಗ್ರಾನೈಟ್ ಸವೆದು ಆದ ಮರಳುಮಣ್ಣಿಗೆ ಆ ಹಿಡಿತವಿಲ್ಲ. ಸುಣ್ಣದಕಲ್ಲಿನ ಮೇಲೆ ಇನ್ನೊಂದು ಬಗೆ: ಆಲ್ಪ್ಸ್‌ನ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ ಖನಿಜ ಮಣ್ಣೇ ಹೆಚ್ಚಿಲ್ಲದೆ, ಎಲೆ, ಬೇರು ಕೊಳೆತು ಆದ ಕಪ್ಪು ಹ್ಯೂಮಸ್ಸಿನ ದಪ್ಪ ಹಾಸು ನೇರ ಬಂಡೆಯ ಮೇಲೆಯೇ ಕೂತಿರುವುದನ್ನು ಕಾಣಬಹುದು.

ಈ ಕೊನೆಯ ಉದಾಹರಣೆ ಮುಖ್ಯ. ಏಕೆಂದರೆ ಮಣ್ಣಿನ ಇಂಗಾಲವೆಲ್ಲ ಒಂದೇ ಜಾತಿಯದಲ್ಲ. ಒಂದು ಭಾಗ ಅರೆಬರೆ ಕೊಳೆತ ಎಲೆ, ಕಡ್ಡಿ, ಬೇರಿನ ಚೂರುಗಳ ರೂಪದಲ್ಲಿ ಬಿಡಿಬಿಡಿಯಾಗಿ ಇರುತ್ತದೆ. ಇನ್ನೊಂದು ಭಾಗ ಸೂಕ್ಷ್ಮಜೀವಿಗಳ ಹೊಟ್ಟೆಯನ್ನು ದಾಟಿ, ಅವುಗಳ ದೇಹದ ಅವಶೇಷವಾಗಿ, ಜೇಡಿಕಣಗಳ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಹಿಂದೆ, ಹ್ಯೂಮಸ್ ಎಂದರೆ ಯಾವ ಜೀವಿಗೂ ಅರಗದ ದೊಡ್ಡ, ಜಟಿಲ ಅಣುಗಳು, ಅದಕ್ಕೇ ಅದು ಉಳಿಯುತ್ತದೆ ಎಂದು ಪಾಠ ಮಾಡುತ್ತಿದ್ದರು. ಈಗ ಆ ವಿವರಣೆಯನ್ನು ಬಹುತೇಕ ಬಿಟ್ಟಿದ್ದಾರೆ (ಪಠ್ಯಪುಸ್ತಕಗಳು ಬಿಡುವುದಕ್ಕೆ ಇನ್ನೂ ಕಾಲ ಬೇಕು). ಸರಳವಾದ ಸಕ್ಕರೆಯ ಅಣುವೂ ಖನಿಜಕ್ಕೆ ಅಂಟಿಕೊಂಡರೆ ಅಥವಾ ಹೆಂಟೆಯ ಒಳಗೆ ಸಿಕ್ಕಿಕೊಂಡರೆ ಶತಮಾನಗಟ್ಟಲೆ ಉಳಿಯಬಹುದು. ಗಡುಸಾದ ಲಿಗ್ನಿನ್ ಕೂಡ ಬೆಚ್ಚಗಿನ, ಗಾಳಿಯಾಡುವ ನೆಲದಲ್ಲಿ ಕೆಲವೇ ವರ್ಷಗಳಲ್ಲಿ ಮುಗಿದುಹೋಗಬಹುದು. ಇಂಗಾಲ ಏನಾಗಿದೆ ಎಂಬುದಕ್ಕಿಂತ ಎಲ್ಲಿ ಇದೆ ಎಂಬುದೇ ಹೆಚ್ಚಿನ ಪ್ರಶ್ನೆ.

ಎತ್ತರದ ಕಾಡುಗಳ ವಿಶೇಷವೆಂದರೆ ಮೊದಲ ಬಗೆಯ, ಬಿಡಿ ಇಂಗಾಲದ ಪಾಲು ಅಲ್ಲಿ ದೊಡ್ಡದು. ಅದಕ್ಕೆ ಖನಿಜದ ಕಾವಲಿಲ್ಲ, ಚಳಿಯ ಕಾವಲು ಮಾತ್ರ. ನೆಲ ಬೆಚ್ಚಗಾದರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಿಲ್ಲ; ನೆಲದೊಳಗೆ ತಂತಿ ಹೂತು ಕಾಯಿಸಿ ನೋಡಿದ್ದಾರೆ. ಅಮೆರಿಕದ ಹಾರ್ವರ್ಡ್ ಅರಣ್ಯದಲ್ಲಿ 1991ರಿಂದ ಮಣ್ಣನ್ನು 5 ಡಿಗ್ರಿ ಹೆಚ್ಚು ಬೆಚ್ಚಗಿಟ್ಟಾಗ, 26 ವರ್ಷಗಳಲ್ಲಿ ಮೇಲಿನ 60 ಸೆಂಟಿಮೀಟರ್ ಮಣ್ಣು ತನ್ನ ಇಂಗಾಲದ ಶೇ 17ರಷ್ಟನ್ನು ಕಳೆದುಕೊಂಡಿತು. ಅದು ಬೆಟ್ಟದ ಕಾಡಲ್ಲ. ಬೆಟ್ಟದ ಕಾಡೇ ಬೇಕೆಂದರೆ ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತದ ಬ್ಲಾಡ್ಜೆಟ್ ಅರಣ್ಯವಿದೆ. ಅಲ್ಲಿ ಮೇಲ್ಮೈಯನ್ನಷ್ಟೇ ಅಲ್ಲ, 1 ಮೀಟರ್ ಆಳದವರೆಗೂ ಮಣ್ಣನ್ನು 4 ಡಿಗ್ರಿ ಕಾಯಿಸಿದರು. ನಾಲ್ಕೂವರೆ ವರ್ಷಗಳಲ್ಲಿ 20 ಸೆಂಟಿಮೀಟರ್‌ಗಿಂತ ಕೆಳಗಿನ ಮಣ್ಣಿನ ಇಂಗಾಲ ಸುಮಾರು ಮೂರನೆಯ ಒಂದು ಭಾಗ ಇಳಿದಿತ್ತು. ಆಳದ ಇಂಗಾಲ ಹಳೆಯದು, ಸಾವಿರಾರು ವರ್ಷಗಳದ್ದೂ ಇರಬಹುದು, ಆದ್ದರಿಂದ ಅದು ಅಲುಗದು ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು. ಆಸ್ಟ್ರಿಯದ ಟಿರೋಲ್ ಪ್ರಾಂತ್ಯದ ಆಖೆನ್‌ಕಿರ್ಷ್ ಬಳಿಯ ಸ್ಪ್ರೂಸ್ ಕಾಡಿನಲ್ಲೂ ಹಿಮವಿಲ್ಲದ ತಿಂಗಳುಗಳಲ್ಲಿ ಮಣ್ಣನ್ನು 4 ಡಿಗ್ರಿ ಬೆಚ್ಚಗಿಡುವ ಪ್ರಯೋಗ ನಡೆದಿದೆ. ಅಲ್ಲಿ ಮಣ್ಣಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಮೊದಲ ಒಂದೆರಡು ವರ್ಷ ಏರಿ ಆಮೇಲೆ ತಣ್ಣಗಾಗಲಿಲ್ಲ. ವರ್ಷಾನುಗಟ್ಟಲೆ ಮೇಲೆಯೇ ಉಳಿಯಿತು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಮರವಿಲ್ಲದ ಮೇಲಿನ ಇಳಿಜಾರು ಎಂದಿರಿ. ಅದು ಎಂಥ ಇಳಿಜಾರು ಎಂಬುದರ ಮೇಲೆ ಉತ್ತರ ಪೂರ್ತಿ ತಿರುಗುತ್ತದೆ. ಸ್ವಭಾವತಃ ಹುಲ್ಲೇ ಬೆಳೆಯುವ, ಉಳುಮೆ ಕಾಣದ ಎತ್ತರದ ಹುಲ್ಲುಗಾವಲಾದರೆ, ದಯವಿಟ್ಟು ಗುದ್ದಲಿ ಕೆಳಗಿಡಿ. ಹುಲ್ಲು ತನ್ನ ಗಳಿಕೆಯ ದೊಡ್ಡ ಪಾಲನ್ನು ನೆಲದ ಕೆಳಗೆ, ಬೇರಿಗೆ ಹಾಕುತ್ತದೆ. ಮಣ್ಣಿಗೆ ಸೇರುವ ದಾರಿಯಲ್ಲಿ ಬೇರು ಎಲೆಗಿಂತ ಮುಂದಿದೆ, ಏಕೆಂದರೆ ಅದು ಆಗಲೇ ಖನಿಜದ ನಡುವೆ ಇದೆ. ಹಾಗಾಗಿ ಇಂಥ ನೆಲ ಈಗಾಗಲೇ ತುಂಬಿರುತ್ತದೆ. ಅಲ್ಲಿ ಮರ ಬಂದರೆ ಬೇರಿನ ಜೊತೆ ಬರುವ ಶಿಲೀಂಧ್ರಗಳು ಸಾರಜನಕಕ್ಕಾಗಿ ಹಳೆಯ ಸಾವಯವ ಪದಾರ್ಥವನ್ನು ಒಡೆಯತೊಡಗುತ್ತವೆ. ಬೇರುಗಳಿಂದ ಜಿನುಗುವ ಸಕ್ಕರೆ ಸೂಕ್ಷ್ಮಜೀವಿಗಳಿಗೆ ಹುರುಪು ಕೊಟ್ಟು ಹಳೆಯದನ್ನೂ ಖರ್ಚು ಮಾಡಿಸುತ್ತದೆ. ಸ್ವೀಡನ್ನಿನ ಉತ್ತರದ ಅಬಿಸ್ಕೊ ಬಳಿ ಬರ್ಚ್ ಕಾಡನ್ನೂ ಅದರ ಪಕ್ಕದ ಮರವಿಲ್ಲದ ಕುರುಚಲು ನೆಲವನ್ನೂ ಹೋಲಿಸಿದಾಗ, ಮರಗಳ ಇಂಗಾಲವನ್ನು ಸೇರಿಸಿದರೂ ಕಾಡಿನ ಒಟ್ಟು ಸಂಗ್ರಹವೇ ಕಡಿಮೆ ಬಂತು. ಈಕ್ವೆಡಾರಿನ ಎತ್ತರದ ಪಾರಮೊ ಹುಲ್ಲುನೆಲದಲ್ಲಿ ಪೈನ್ ನೆಡುತೋಪು ಎಬ್ಬಿಸಿದಲ್ಲಿ ಮೇಲ್ಮಣ್ಣಿನ ಇಂಗಾಲ ಇಳಿದದ್ದಷ್ಟೇ ಅಲ್ಲ, ಮಣ್ಣಿನ ನೀರು ಹಿಡಿಯುವ ಶಕ್ತಿಯೂ ಕುಂದಿತು.

ಉತ್ತು ಬಿತ್ತಿ, ಸವೆದು, ಬಿಟ್ಟುಹೋದ ಇಳಿಜಾರಾದರೆ ಮಾತು ಬೇರೆ. ಅಲ್ಲಿನ ಮಣ್ಣು ಬಹಳಷ್ಟು ಕಳೆದುಕೊಂಡಿದೆ, ಮತ್ತೆ ತುಂಬಿಕೊಳ್ಳಲು ಜಾಗವಿದೆ. 2002ರಲ್ಲಿ ಪ್ರಕಟವಾದ, ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯ ಸರಾಸರಿಗಳನ್ನು ನೋಡಿ: ಹುಲ್ಲುಗಾವಲನ್ನು ನೆಡುತೋಪು ಮಾಡಿದಲ್ಲಿ ಮಣ್ಣಿನ ಇಂಗಾಲ ಶೇ 10 ಇಳಿಕೆ, ಬೆಳೆಭೂಮಿಯನ್ನು ನೆಡುತೋಪು ಮಾಡಿದಲ್ಲಿ ಶೇ 18 ಏರಿಕೆ, ಬೆಳೆಭೂಮಿಯನ್ನು ತಾನಾಗಿ ಕಾಡಾಗಲು ಬಿಟ್ಟಲ್ಲಿ ಶೇ 53 ಏರಿಕೆ. ಕೊನೆಯ ಅಂಕಿ ನನಗೆ ಬಹಳ ಇಷ್ಟ, ಸಸಿ ನೆಡುವ ಸಮಾರಂಭಗಳಲ್ಲಿ ಅದನ್ನು ಯಾರೂ ಓದುವುದಿಲ್ಲ. ಇವು ಬೆಟ್ಟಕ್ಕೆ ಮಾತ್ರ ಸೀಮಿತವಾದ ಸರಾಸರಿಗಳಲ್ಲ, ಎಲ್ಲ ಬಗೆಯ ನೆಲದವು. ಆದರೂ ದಿಕ್ಕು ತೋರಿಸುತ್ತವೆ. ನೆಡಲೇಬೇಕೆಂದಿದ್ದರೆ ಸವೆದ ನೆಲ ಆರಿಸಿ, ಗುಂಡಿ ಚಿಕ್ಕದಿರಲಿ, ಯಂತ್ರದಿಂದ ಸಾಲು ಉಳುವುದು ಬೇಡ. ಅಗೆದ ಪ್ರತಿ ಗುಂಡಿಯೂ ಒಳಗಿನ ಮಣ್ಣಿಗೆ ಗಾಳಿ ಕೊಟ್ಟು ಮೊದಲ ಕೆಲವು ವರ್ಷ ಇಂಗಾಲವನ್ನು ಹೊರಗೇ ಕಳಿಸುತ್ತದೆ.

ನೀವು ಕೇಳದೆ ಇದ್ದರೂ ಇದನ್ನು ಹೇಳಬೇಕು: ಇರುವ ಕಾಡನ್ನು ಕಡಿದಾಗ ಏಟು ಮೊದಲು ಬೀಳುವುದು ನೆಲದ ಮೇಲಿನ ತರಗೆಲೆಯ ಹಾಸಿನ ಮೇಲೆ. ಸಮಶೀತೋಷ್ಣ ಕಾಡುಗಳ ಕಟಾವಿನ ಬಗ್ಗೆ 2010ರ ಒಂದು ಸಮಗ್ರ ವಿಶ್ಲೇಷಣೆ ಕೊಟ್ಟ ಅಂಕಿ ಹೀಗಿದೆ: ಒಟ್ಟು ಮಣ್ಣಿನ ಇಂಗಾಲದಲ್ಲಿ ಸರಾಸರಿ ಶೇ 8 ನಷ್ಟ, ತರಗೆಲೆ ಮತ್ತು ಹ್ಯೂಮಸ್ ಹಾಸಿನಲ್ಲಿ ಮಾತ್ರ ಶೇ 30. ಬಯಲಿನಲ್ಲಿ ಆ ಹಾಸು ಮತ್ತೆ ಕಟ್ಟಿಕೊಳ್ಳುತ್ತದೆ. ಕಡಿದಾದ ಸುಣ್ಣಕಲ್ಲಿನ ಇಳಿಜಾರಿನಲ್ಲಿ ಹಾಸೇ ಮಣ್ಣು. ನೆರಳು ಹೋಗಿ ಬಿಸಿಲು ಬಿದ್ದರೆ ಅದು ಕೆಲವು ದಶಕಗಳಲ್ಲಿ ಕರಗಿ, ಮಳೆಗೆ ಜಾರಿ, ಬಂಡೆ ಬತ್ತಲಾಗುತ್ತದೆ. ಬಿರುಗಾಳಿಗೆ ಮರಗಳು ಉರುಳಿದ ಆಲ್ಪ್ಸ್‌ನ ಇಳಿಜಾರುಗಳಲ್ಲಿ ಇದನ್ನು ಕಂಡಿದ್ದಾರೆ. ಬಂಡೆ ಕಂಡ ಮೇಲೆ ಸಸಿ ಬೇರೂರುವುದಕ್ಕೂ ಏನೂ ಉಳಿದಿರುವುದಿಲ್ಲ. ಭೂಕುಸಿತದ ಲೆಕ್ಕ ಇದಕ್ಕಿಂತ ತೊಡಕಿನದು: ಜಾರಿದ ಇಂಗಾಲದಲ್ಲಿ ಒಂದಿಷ್ಟು ದಾರಿಯಲ್ಲೇ ಕೊಳೆಯುತ್ತದೆ, ಒಂದಿಷ್ಟು ಕಣಿವೆಯಲ್ಲೋ ಕೆರೆಯ ತಳದಲ್ಲೋ ಸಮುದ್ರದಲ್ಲೋ ಹೂತು ಬಹುಕಾಲ ಉಳಿಯುತ್ತದೆ. 2009ರ ಆಗಸ್ಟಿನಲ್ಲಿ ಮೊರಕೋಟ್ ಚಂಡಮಾರುತ ತೈವಾನಿನ ಬೆಟ್ಟಗಳನ್ನು ಜಾರಿಸಿದಾಗ ಲಕ್ಷಾಂತರ ಟನ್ ಮರದ ದಿಮ್ಮಿಗಳು ನದಿಗಳ ಮೂಲಕ ಕಡಲು ಸೇರಿದ್ದವು. ಆ ಲೆಕ್ಕದ ಮೊತ್ತ ಲಾಭವೋ ನಷ್ಟವೋ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ.

ಇನ್ನು ನಿಮ್ಮ ಶೇ 4. ವರದಿಯ ಈ ಒಂದು ಅಂಕಿಯಿಂದ ಹೆಕ್ಟೇರಿನ ಲೆಕ್ಕ ಹೇಳಲಾಗದು. ಇನ್ನೂ ಮೂರು ಅಂಕಿ ಬೇಕು. ಎಷ್ಟು ಆಳದವರೆಗೆ, ಮಣ್ಣಿನ ಸಾಂದ್ರತೆ ಎಷ್ಟು, ಕಲ್ಲು ಎಷ್ಟು. ಇಂಗಾಲದ ಶೇಕಡಾವಾರು, ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಎಂಬ ಸಾಂದ್ರತೆ, ಸೆಂಟಿಮೀಟರಿನಲ್ಲಿ ಆಳ, ಈ ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ ಟನ್ನುಗಳು ನೇರವಾಗಿ ಬರುತ್ತವೆ. ಕಾಡಿನ ಮಣ್ಣು ಸಡಿಲ, ಸಾಂದ್ರತೆ 0.9 ಎಂದಿಟ್ಟುಕೊಳ್ಳಿ. ಆಳ 30 ಸೆಂಟಿಮೀಟರ್. 4 × 0.9 × 30 = 108 ಟನ್. ಆದರೆ ಪ್ರಯೋಗಾಲಯ ಪರೀಕ್ಷಿಸುವುದು 2 ಮಿಲಿಮೀಟರ್ ಜರಡಿಯಿಂದ ಕೆಳಗೆ ಬಿದ್ದ ಮಣ್ಣನ್ನು ಮಾತ್ರ. ನೆಲದ ಗಾತ್ರದಲ್ಲಿ ಶೇ 40 ಕಲ್ಲೇ ಇದ್ದರೆ, ಬೆಟ್ಟದಲ್ಲಿ ಇದು ಅಪರೂಪವಲ್ಲ, ಉಳಿಯುವುದು 64.8 ಟನ್. ಕಲ್ಲನ್ನು ಮರೆತವರ ವರದಿಗಳಲ್ಲಿ ಬೆಟ್ಟದ ಕಾಡುಗಳು ಇಂಗಾಲದ ಗಣಿಗಳಾಗಿ ಕಾಣುವುದಕ್ಕೆ ಇದೇ ಕಾರಣ. ಯಾರಾದರೂ ಇದನ್ನು ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ ಕೇಳಿದರೆ 44ರಿಂದ ಗುಣಿಸಿ 12ರಿಂದ ಭಾಗಿಸಿ. ಸುಮಾರು 238 ಟನ್ ಆಗುತ್ತದೆ. ಎರಡು ಅಂಕಿಗಳನ್ನೂ ಬೆರೆಸಿ ಬರೆಯುವವರ ಬಗ್ಗೆ ಎಚ್ಚರವಿರಲಿ.

ಬೆಟ್ಟದಲ್ಲಿ ಇನ್ನೊಂದು ಮೋಸವಿದೆ. ಹೆಕ್ಟೇರು ಎಂಬುದು ನಕ್ಷೆಯ ಮೇಲಿನ ಸಮತಟ್ಟು ಅಳತೆ. 35 ಡಿಗ್ರಿ ಓರೆಯ ಇಳಿಜಾರಿನಲ್ಲಿ ನಕ್ಷೆಯ ಒಂದು ಹೆಕ್ಟೇರಿಗೆ ನೆಲದ ಮೇಲ್ಮೈ 1.22 ಹೆಕ್ಟೇರು. ಆಳವನ್ನು ಲಂಬವಾಗಿ, ತೂಗುಗುಂಡಿನ ಗೆರೆಯಲ್ಲಿ ಅಳೆದಿದ್ದರೆ ತಿದ್ದುಪಡಿ ಬೇಡ. ಕೊಳವೆಯನ್ನು ಇಳಿಜಾರಿನ ಮೇಲ್ಮೈಗೆ ನೇರಕೋನದಲ್ಲಿ ಇಳಿಸಿದ್ದರೆ ಫಲಿತಾಂಶವನ್ನು 1.22ರಿಂದ ಗುಣಿಸಬೇಕು. ಹೇಗೆ ಅಳೆದರೆಂದು ಬರೆದಿಡದಿದ್ದರೆ ಶೇ 22ರಷ್ಟು ತಪ್ಪು ಸದ್ದಿಲ್ಲದೆ ನುಸುಳುತ್ತದೆ.

ಪ್ರಯೋಗಾಲಯದವರನ್ನು ಮೂರು ವಿಷಯ ಕೇಳಿ. ಶೇ 4 ಎಂದದ್ದು ಇಂಗಾಲವೋ ಸಾವಯವ ಪದಾರ್ಥವೋ? ಪದಾರ್ಥವಾದರೆ ಇಂಗಾಲ ಅದರ ಅರ್ಧ ಅಥವಾ ಸ್ವಲ್ಪ ಹೆಚ್ಚು ಮಾತ್ರ. ಯಾವ ವಿಧಾನ? 1934ರಿಂದ ಬಳಕೆಯಲ್ಲಿರುವ, ರಾಸಾಯನಿಕ ಬೆರೆಸಿ ಇಂಗಾಲವನ್ನು ಉತ್ಕರ್ಷಿಸಿ ಅಳೆಯುವ ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲಿ ಇಂಗಾಲವೆಲ್ಲ ಉತ್ಕರ್ಷಣಗೊಳ್ಳುವುದಿಲ್ಲ, ಸರಾಸರಿ ಶೇ 77 ಎಂದು ಹಿಡಿದು ಸುಮಾರು 1.3ರಿಂದ ಗುಣಿಸುವ ರೂಢಿಯಿದೆ. ಆ ಗುಣಾಕಾರ ಆಗಿದೆಯೋ ಇಲ್ಲವೋ ತಿಳಿಯಬೇಕು. ಮಾದರಿಯನ್ನು ಪೂರ್ತಿ ಸುಟ್ಟು ಅಳೆಯುವ ವಿಧಾನವಾಗಿದ್ದರೆ, ಮತ್ತು ನಿಮ್ಮ ಬಂಡೆ ಸುಣ್ಣದಕಲ್ಲಾಗಿದ್ದರೆ, ಕಲ್ಲಿನ ಇಂಗಾಲವೂ ಅದರಲ್ಲಿ ಸೇರಿಕೊಂಡಿರಬಹುದು. ಮೊದಲು ಆಮ್ಲ ಹಾಕಿ ಸುಣ್ಣವನ್ನು ಕಳೆದಿದ್ದಾರೆಯೇ ಎಂಬುದು ಮೂರನೆಯ ಪ್ರಶ್ನೆ.

ಮಾದರಿ ಒಂದೇ ಜಾಗದ್ದಾಗಿದ್ದರೆ ಇಷ್ಟೆಲ್ಲ ಕೇಳಿಯೂ ಹೆಚ್ಚು ಪ್ರಯೋಜನವಿಲ್ಲ. ಮರದ ಬುಡಕ್ಕೂ ಅಲ್ಲಿಂದ ಮೂರು ಮೀಟರ್ ಆಚೆಗೂ ಇಂಗಾಲ ಇಮ್ಮಡಿಯಷ್ಟು ಬೇರೆಯಾಗಬಹುದು. ಇಳಿಜಾರಿನ ಏಣು, ನಡುಭಾಗ, ಬುಡ ಎಂದು ವಿಂಗಡಿಸಿ, ಪ್ರತಿ ಭಾಗದಲ್ಲೂ ಹದಿನೈದಿಪ್ಪತ್ತು ಕಡೆ ತೆಗೆಯಿರಿ. ಮೇಲಿನ ತರಗೆಲೆಯ ಹಾಸನ್ನು ಅಳತೆಯ ಚೌಕಟ್ಟಿಟ್ಟು ಬೇರೆಯೇ ಎತ್ತಿ, ಒಣಗಿಸಿ, ತೂಗಿ. ಅದನ್ನು ಮಣ್ಣಿನ ಜೊತೆ ಬೆರೆಸಬೇಡಿ. ಸಾಧ್ಯವಾದರೆ 30 ಸೆಂಟಿಮೀಟರಿಗೇ ನಿಲ್ಲದೆ ಬಂಡೆ ಸಿಗುವವರೆಗೆ ಹೋಗಿ, ಏಕೆಂದರೆ ಆಳವಾದ ಮಣ್ಣುಗಳಲ್ಲಿ ಇಂಗಾಲದ ಸುಮಾರು ಅರ್ಧ ಅದಕ್ಕಿಂತ ಕೆಳಗಿರುತ್ತದೆ. ಏರಿಕೆ ಆಗುತ್ತಿದೆಯೇ ಎಂದು ಮುಂದಿನ ವರ್ಷವೇ ಮತ್ತೆ ಪರೀಕ್ಷೆಗೆ ಕೊಟ್ಟು ಹಣ ಕಳೆಯಬೇಡಿ. ಕಾಡು ಹೆಕ್ಟೇರಿಗೆ ವರ್ಷಕ್ಕೆ 0.3 ಟನ್ ಸೇರಿಸುತ್ತಿದೆ ಎಂದರೂ 65 ಟನ್ನಿನ ಮೇಲೆ ಅದು ಶೇ ಅರ್ಧಕ್ಕಿಂತ ಕಡಿಮೆ. ಅಳತೆಯ ಏರುಪೇರು ಅದರ ಎಷ್ಟೋ ಪಟ್ಟು. ಜಾಗಗಳನ್ನು ಗುರುತು ಮಾಡಿಟ್ಟು, ಹತ್ತು ವರ್ಷ ಬಿಟ್ಟು, ಅದೇ ತಿಂಗಳಲ್ಲಿ, ಹಳೆಯ ಗುಂಡಿಯಿಂದ ಒಂದೆರಡು ಅಡಿ ಪಕ್ಕಕ್ಕೆ, ಅದೇ ವಿಧಾನದಲ್ಲಿ ಮತ್ತೆ ತೆಗೆಯಿರಿ.